ಬಾನೆಟ್ ಬಿಸಿಯಾಗಿತ್ತು

ಕೊಳ್ಳಬೇಕೆಂದಿದ್ದ ಹಳೆಯ ಪಿಕಪ್ ಗಾಡಿಯನ್ನು ನಾವು ನೋಡಲು ಹೋದಾಗ ಬಾನೆಟ್ ಬಿಸಿಯಾಗಿತ್ತು. ಅದರ ಮೇಲೆ ಅಂಗೈ ಇಟ್ಟು ನೋಡಿದವನು ನಾನೇ. "ತೊಳೆದು ಈಗತಾನೆ ನೆರಳಿಗೆ ತಂದು ನಿಲ್ಲಿಸಿದೆ" ಎಂದರು ಮಾರುವವರು. ಹತ್ತು ಹೆಜ್ಜೆ ಸರಿಸಿದ ಗಾಡಿ ಅಷ್ಟು ಕಾಯುವುದಿಲ್ಲ. ಮೂವತ್ತು ವರ್ಷದಿಂದ ನೀರೆತ್ತುವ ಪಂಪು, ಮೋಟರುಗಳ ರಿಪೇರಿ ಮಾಡಿಕೊಂಡು ಬಂದವನು ನಾನು. ಲೋಹ ಎಷ್ಟು ಹೊತ್ತು ದುಡಿದಿದೆ ಎಂಬುದನ್ನು ನನಗೆ ಕೈಯೇ ಹೇಳುತ್ತದೆ. ಅದು ಕಡಿಮೆಯೆಂದರೂ ಇಪ್ಪತ್ತು ನಿಮಿಷ ಓಡಿದ ಎಂಜಿನ್ನಿನ ಬಿಸಿ. ಆದರೂ ನಾನು ಕೈ ತೆಗೆದು, ಪ್ಯಾಂಟಿಗೆ ಒರೆಸಿಕೊಂಡು ಸುಮ್ಮನಾದೆ.

ಸುಮ್ಮನಾಗಲು ಕಾರಣ ಹಿಂದಿನ ತೊಟ್ಟಿಯೊಳಗಿತ್ತು. ಮಗಳು ಅಷ್ಟರಲ್ಲಿ ಅದರೊಳಗೆ ಹತ್ತಿ, ಅಳತೆ ಟೇಪು ಬಿಚ್ಚಿ, ಹಲಗೆಗಳು ಉದ್ದಕ್ಕೆ ಹಿಡಿಸುತ್ತವೋ ಓರೆಯಾಗಿಯೇ ಇಡಬೇಕೋ ಎಂದು ಅಳೆಯುತ್ತಿದ್ದಳು. ಅವಳಿಗೆ ಆಗಷ್ಟೇ ಹದಿನೆಂಟು ತುಂಬಿತ್ತು. ಒಡೆದ ಪೆಟ್ಟಿಗೆ, ಬಿಸಾಡಿದ ಬಾಗಿಲುಗಳ ಮರದಿಂದ ಸ್ಟೂಲು, ಕಪಾಟು ಮಾಡಿ ಮಾರುತ್ತಾಳೆ. ಎರಡು ವರ್ಷ ಕೂಡಿಟ್ಟ ಹಣ ಅವಳದು, ಉಳಿದರ್ಧ ನನ್ನದು. ಟೇಪು ಸರ್ರನೆ ಒಳಗೆಳೆದುಕೊಂಡು "ಅಪ್ಪಾ, ಹಿಡಿಸುತ್ತದೆ!" ಎಂದು ಕೂಗಿದಳು. ಆ ಮುಖ ನೋಡಿ, "ಇವತ್ತು ಬೇಡ, ನಾಳೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಬಂದು ನೋಡೋಣ" ಎನ್ನಲು ನಾಲಿಗೆ ಏಳಲಿಲ್ಲ.

ತಣ್ಣಗಿರುವ ಎಂಜಿನ್ ಸುಳ್ಳು ಹೇಳುವುದು ಕಷ್ಟ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಆಯಿಲ್ ಪೂರ್ತಿ ಎಂಜಿನ್ನಿನ ತಳದ ಸಂಪ್ ಎಂಬ ತೊಟ್ಟಿಗೆ ಇಳಿದಿರುತ್ತದೆ. ಸ್ಟಾರ್ಟ್ ಮಾಡಿದ ಮೊದಲ ಎರಡು ಮೂರು ಸೆಕೆಂಡು, ಅದು ಮೇಲೇರಿ ಒತ್ತಡ ಕಟ್ಟುವವರೆಗೆ, ಸವೆದ ಭಾಗಗಳೆಲ್ಲ ಒಂದೊಂದಾಗಿ ಬಾಯಿ ಬಿಡುತ್ತವೆ. ಬ್ಯಾಟರಿ ಬಡವಾಗಿದ್ದರೆ ಆಗಲೇ ತಿಳಿಯುತ್ತದೆ, ಸಿಲಿಂಡರಿಗೆ ಆಯಿಲ್ ಜಿನುಗುತ್ತಿದ್ದರೆ ಆಗಲೇ ನೀಲಿ ಹೊಗೆ ಕಾಣುತ್ತದೆ. ನಾವು ಹೋಗುವ ಹೊತ್ತಿಗೆ ಆ ಎಂಜಿನ್ ಹೇಳುವುದನ್ನೆಲ್ಲ ಹೇಳಿ ಮುಗಿಸಿತ್ತು.

ಹಾಗೆಂದು ನಾವು ಕಣ್ಣು ಮುಚ್ಚಿಕೊಂಡೇನೂ ಕೊಳ್ಳಲಿಲ್ಲ. ನಾನು ಕೆಳಗೆ ತೂರಿ ಸುತ್ತಿಗೆಯ ಹಿಡಿಯಿಂದ ಚಾಸಿಸ್ ಉದ್ದಕ್ಕೂ ತಟ್ಟುತ್ತ ಹೋದೆ. ಗಟ್ಟಿ ಕಬ್ಬಿಣ ಖಣಖಣ ಎನ್ನುತ್ತದೆ, ತುಕ್ಕು ತಿಂದದ್ದು ಬೊದ್ದಾಗಿ ಕೇಳಿಸುತ್ತದೆ. ಚಾಸಿಸ್ ಗಟ್ಟಿಯಾಗಿತ್ತು. ಅದೊಂದು ವಿಷಯದಲ್ಲಿ ನಾವು ಗೆದ್ದೆವು ಎಂದೇ ಇವತ್ತಿಗೂ ಹೇಳುತ್ತೇನೆ. ಚಾಸಿಸ್ ಕೊಳೆತ ಪಿಕಪ್ಪಿಗೆ ಎಂಜಿನ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಟಯರಿನ ಪಕ್ಕದ ನಾಲ್ಕಂಕಿಯನ್ನು ಮಗಳೇ ಓದಿದಳು. ಮೊದಲೆರಡು ಅಂಕಿ ಟಯರು ತಯಾರಾದ ವಾರ, ಕೊನೆಯ ಎರಡು ವರ್ಷ. ನಾಲ್ಕು ಟಯರುಗಳು ಹೊಸವು, ತೊಟ್ಟಿಯ ಕೆಳಗೆ ನೇತಾಡುತ್ತಿದ್ದ ಐದನೆಯದು ಮಾತ್ರ ಗಾಡಿಯಷ್ಟೇ ಹಳೆಯದು. ಕೀಲಿ ಅರ್ಧ ತಿರುಗಿಸಿದಾಗ ಎಂಜಿನ್ ದೀಪ, ಏರ್‌ಬ್ಯಾಗ್ ದೀಪ, ಆಯಿಲ್ ದೀಪ ಎಲ್ಲವೂ ಹತ್ತಿದವು, ಎಂಜಿನ್ ಓಡುವಾಗ ಎಲ್ಲವೂ ಆರಿದ್ದವು. ಬಲ್ಬು ಕಿತ್ತು ಮೋಸ ಮಾಡಿರಲಿಲ್ಲ. ಡಿಪ್‌ಸ್ಟಿಕ್ ಎಳೆದರೆ ಜೇನಿನ ಬಣ್ಣದ ಹೊಚ್ಚ ಹೊಸ ಆಯಿಲ್. ಎಂಜಿನ್ನಿನ ಮೇಲೆ ಧೂಳಿನ ಕಣವೂ ಇಲ್ಲ.

ಹೊಸ ಆಯಿಲ್, ತೊಳೆದ ಎಂಜಿನ್. ಮಾರುವವರು ಇದನ್ನು ಎರಡು ಸಲ ಹೇಳಿ ಹೆಮ್ಮೆಪಟ್ಟರು. ನನ್ನ ಕಸುಬಿನಲ್ಲಿ, ರಿಪೇರಿಗೆ ಬಂದ ಪಂಪು ಫಳಫಳ ಹೊಳೆಯುತ್ತಿದ್ದರೆ ಅದು ಎಲ್ಲಿ ಸೋರುತ್ತಿತ್ತು ಎಂದು ಹುಡುಕಲು ಅರ್ಧ ದಿನ ಹೆಚ್ಚು ಬೇಕು. ಕೊಳೆಯೇ ಸೋರಿಕೆಯ ನಕ್ಷೆ, ಇಲ್ಲಿ ಆ ನಕ್ಷೆಯನ್ನೇ ತೊಳೆದುಬಿಟ್ಟಿದ್ದರು. ಆಯಿಲ್ ಬೆರಳಿಗೆ ಸ್ವಲ್ಪ ಮಂದ ಎನಿಸಿತು. ಮಂದ ಆಯಿಲ್ ಸವೆದ ಎಂಜಿನ್ನಿನ ಸದ್ದನ್ನು ಮೆತ್ತಗೆ ಮಾಡುತ್ತದೆ. ಅದೂ ಗೊತ್ತಿತ್ತು. ಓಡಿಸಿ ನೋಡಲು ಹೊರಟ ಕೂಡಲೇ ಅವರು ರೇಡಿಯೊ ಹಾಕಿ "ಸ್ಪೀಕರ್ ಕೇಳಿ" ಎಂದರು. ಕೇಳಿದೆವು. ಸ್ಪೀಕರ್ ಚೆನ್ನಾಗಿತ್ತು.

ಮಾರನೆಯ ಬೆಳಿಗ್ಗೆ ಮನೆಯ ಮುಂದೆ ಮಗಳು ಕೀಲಿ ತಿರುಗಿಸಿದಳು. ತಗಡಿನ ಡಬ್ಬಿಗೆ ನಾಲ್ಕು ಮೊಳೆ ಹಾಕಿ ಕುಲುಕಿದಂಥ ಸದ್ದು, ಎಣಿಸಿ ಮೂರು ಸೆಕೆಂಡು. ಆಮೇಲೆ ಎಲ್ಲ ಶಾಂತ.

"ಅಪ್ಪಾ, ಅದೇನು?"

"ಹಳೆಯ ಗಾಡಿಯಲ್ಲವೇ, ಎದ್ದಾಗ ಮೈ ಮುರಿಯುತ್ತದೆ" ಎಂದೆ.

ನಾನು ಇದುವರೆಗೆ ಆಡಿದ ಮಾತುಗಳಲ್ಲಿ ಇಷ್ಟು ದುಬಾರಿಯಾದದ್ದು ಇನ್ನೊಂದಿಲ್ಲ.

ಮೊದಲು ಬ್ರೇಕು. ಇದರಲ್ಲಿ ಮಾತ್ರ ನಾನು ಉದಾಸೀನ ಮಾಡಲಿಲ್ಲ. ಓಡದ ಗಾಡಿಯಿಂದ ಯಾರಿಗೂ ಅಪಾಯವಿಲ್ಲ, ನಿಲ್ಲದ ಗಾಡಿಯಿಂದ ಇದೆ. ಎರಡನೆಯ ದಿನ ಅರ್ಧ ಗಂಟೆ ಓಡಿಸಿ ಬಂದ ಮೇಲೆ ನಾಲ್ಕೂ ಚಕ್ರಗಳ ಹತ್ತಿರ ಹಿಂಗೈ ಹಿಡಿದು ನೋಡಲು ಮಗಳಿಗೆ ಹೇಳಿಕೊಟ್ಟೆ. ಮುಂದಿನ ಎಡಚಕ್ರದ ಬಳಿ ಕೈ ಹಿಡಿಯಲಾಗಲಿಲ್ಲ. ಬಿಚ್ಚಿದರೆ, ಬ್ರೇಕ್ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರ್ ಜಾರಬೇಕಾದ ಪಿನ್ನು ಒಣಗಿ ಕಚ್ಚಿಕೊಂಡಿತ್ತು. ಒಂದು ಪ್ಯಾಡು ಕಾಗದದಷ್ಟು ತೆಳ್ಳಗೆ, ಅದರ ಜೋಡಿ ಅರ್ಧದಷ್ಟು ಉಳಿದಿತ್ತು. ಹೊರಗಿನಿಂದ ಕಾಣಿಸುವುದು ದಪ್ಪಗಿರುವ ಪ್ಯಾಡೇ. ಬ್ರೇಕ್ ಆಯಿಲ್ ಕಪ್ಪುಗಟ್ಟಿತ್ತು, ಅದನ್ನೂ ಬದಲಿಸಿದೆವು. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕಡಿಮೆಯೆಂದರೂ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಕುಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಈ ಅಂಕಿಗಳನ್ನು ಹುಡುಕಿ ತೆಗೆದವಳು ಮಗಳು. "ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇದ್ದರೆ ಅದು ಕುದಿಯುತ್ತದೆ, ಗುಳ್ಳೆ ಬಂದರೆ ಪೆಡಲ್ ನೆಲಕ್ಕೆ ಹೋಗುತ್ತದೆ" ಎಂದು ನನಗೇ ಪಾಠ ಹೇಳಿದಳು. ಬಿಚ್ಚಿದ ಪ್ಯಾಡನ್ನು ಕಿಟಕಿಯ ಮೇಲೆ ಇಟ್ಟುಕೊಂಡಿದ್ದಾಳೆ.

ನಾಲ್ಕನೆಯ ದಿನ ಕೂಲಂಟ್, ಎಂದರೆ ಎಂಜಿನ್ ತಣಿಸುವ ದ್ರವ, ಕಡಿಮೆಯಾಗಿತ್ತು. ತುಂಬಿಸಿದೆವು, ಆರನೆಯ ದಿನ ಮತ್ತೆ ಕಡಿಮೆ. ನೆಲದ ಮೇಲೆ ಒಂದು ಹನಿ ಇಲ್ಲ. ಹೊರಗೆ ಸೋರದೆ ಕೂಲಂಟ್ ಮಾಯವಾಗುತ್ತಿದೆ ಎಂದರೆ ಎಲ್ಲರ ಬಾಯಲ್ಲೂ ಬರುವುದು ಹೆಡ್ ಗ್ಯಾಸ್ಕೆಟ್, ಸಿಲಿಂಡರುಗಳಿಗೂ ಅವುಗಳ ಮೇಲಿನ ಮುಚ್ಚಳಕ್ಕೂ ನಡುವಿನ ಸೀಲ್. ನನ್ನ ಎದೆಯೂ ಧಸಕ್ಕೆಂದಿತು. ಅದಕ್ಕೊಂದು ಸುಲಭ ಪರೀಕ್ಷೆ ಇದೆ. ರೇಡಿಯೇಟರಿನ ಬಾಯಿಗೆ ಒಂದು ಕೊಳವೆ ಕೂರಿಸಿ, ಅಲ್ಲಿಂದ ಬರುವ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯಬೇಕು. ಸಿಲಿಂಡರಿನ ಹೊಗೆ ಕೂಲಂಟಿಗೆ ನುಗ್ಗುತ್ತಿದ್ದರೆ ಅದರಲ್ಲಿರುವ ಇಂಗಾಲದ ಡೈಆಕ್ಸೈಡ್‌ನಿಂದ ದ್ರವ ಹಳದಿಗೆ ತಿರುಗುತ್ತದೆ. ನಾನು ರಬ್ಬರ್ ಬುಗ್ಗೆ ಒತ್ತುತ್ತಿದ್ದೆ, ಮಗಳು ಕೊಳವೆಯ ಹಿಂದೆ ಬಿಳಿ ಹಾಳೆ ಹಿಡಿದು ನೋಡುತ್ತಿದ್ದಳು. ನೀಲಿ ನೀಲಿಯಾಗಿಯೇ ಉಳಿಯಿತು. ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟೆವು.

ಹಾಗಾದರೆ ಹೋಗುತ್ತಿರುವುದೆಲ್ಲಿಗೆ? ರಾತ್ರಿ ಟಾರ್ಚ್ ಹಿಡಿದು ಮಲಗಿ ನೋಡಿದಾಗ ಸಿಕ್ಕಿತು, ಅದೂ ನನ್ನದೇ ಕ್ಷೇತ್ರದಲ್ಲಿ. ವಾಟರ್ ಪಂಪು! ಅದರ ಹೊಟ್ಟೆಯ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಕೆಟ್ಟರೆ ನೀರು ಬೇರಿಂಗಿಗೆ ಹೋಗದೆ ಹೊರಗೆ ತೊಟ್ಟಿಕ್ಕಲಿ ಎಂದು ಬೇಕೆಂದೇ ಕೊರೆದ ತೂತು ಅದು. ಅಲ್ಲಿಂದ ಬಿದ್ದ ಹನಿ ಕೆಳಗೆ ಬಿಸಿಯಾಗಿದ್ದ ಸೈಲೆನ್ಸರ್ ಕೊಳವೆಯ ಮೇಲೆ ಬಿದ್ದು ಚುರ್ರೆಂದು ಆವಿಯಾಗುತ್ತಿತ್ತು. ನೆಲಕ್ಕೆ ತಲುಪುತ್ತಲೇ ಇರಲಿಲ್ಲ. ತೂತಿನ ಸುತ್ತ ಒಣಗಿದ ಹಸಿರು ಗೆರೆ ಮಾತ್ರ ಉಳಿದಿತ್ತು. ಗಾಡಿ ತೊಳೆದವರ ಕೈ ಅಲ್ಲಿಯವರೆಗೆ ಹೋಗಿರಲಿಲ್ಲ.

ಪಂಪು ಬದಲಿಸಲು ನನಗೆ ಯಾರ ಹಂಗೂ ಬೇಡ. ಮನೆಯ ಅಂಗಳದಲ್ಲೇ ಬಿಚ್ಚಿದೆ, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದೆ. ಹಳೆಯ ಪಂಪನ್ನು ಮಗಳ ಕೈಗೆ ಕೊಟ್ಟು ಸೀಲ್ ಎಲ್ಲಿ ಸವೆದಿದೆ ಎಂದು ತೋರಿಸುವಾಗ ನನಗೂ ಸ್ವಲ್ಪ ಗತ್ತು ಬಂದಿತ್ತು ಎಂದು ಒಪ್ಪಿಕೊಳ್ಳಬೇಕು. ಕೂಲಂಟ್ ಇಳಿಸುವಾಗ ಅದರ ಜೊತೆ ಕಂದು ರಾಡಿ ಬಂತು, ಅದರಲ್ಲಿ ಮಿರುಗುವ ಕಣಗಳು. ಸೋರಿಕೆ ಮುಚ್ಚಲು ರೇಡಿಯೇಟರಿಗೆ ಸುರಿಯುವ ಪುಡಿ. ಯಾರೋ ನಮಗಿಂತ ಮೊದಲೇ ಈ ರೋಗ ಕಂಡಿದ್ದರು, ಮದ್ದು ಮಾಡಿಸಿರಲಿಲ್ಲ, ಮುಲಾಮು ಹಚ್ಚಿ ಕಳಿಸಿದ್ದರು. ಮೇಲೆ ಥಳಕು, ಒಳಗೆ ಹುಳುಕು.

ಪಂಪು ಸರಿಹೋದ ಮೂರನೆಯ ದಿನ ರೇಡಿಯೇಟರ್ ಒಡೆಯಿತು. ಮಗಳು ನನ್ನ ಕೆಲಸದ ಮೇಲೆಯೇ ಅನುಮಾನಪಟ್ಟಳು. ಅದು ನನ್ನ ತಪ್ಪಲ್ಲ ಎಂದು ಅವಳಿಗೆ ವಿವರಿಸಲು ಒಂದು ಸಂಜೆ ಹಿಡಿಯಿತು. ಕೂಲಂಟ್ ಸುತ್ತುವ ಕೊಳವೆಗಳಲ್ಲಿ ಎಂಜಿನ್ ಬಿಸಿಯಾದಾಗ ಸುಮಾರು ಒಂದು ಬಾರ್ ಒತ್ತಡ ಏಳಬೇಕು. ಪಂಪಿನ ಸೀಲ್ ಜಿನುಗುತ್ತಿದ್ದಷ್ಟು ದಿನ ಆ ಒತ್ತಡ ಸರಿಯಾಗಿ ಏಳುತ್ತಲೇ ಇರಲಿಲ್ಲ. ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿ ಮೊದಲೇ ಬಿರುಕು ಬಿಟ್ಟಿದ್ದರೂ ನೆಮ್ಮದಿಯಾಗಿತ್ತು. ನಾನು ಪಂಪು ಸರಿಮಾಡಿದೆ, ಒತ್ತಡ ಏರಿತು, ಅದರ ಬಂಡವಾಳ ಬಯಲಾಯಿತು. ಹಳೆಯ ಗಾಡಿಯಲ್ಲಿ ಒಂದು ದೋಷ ಇನ್ನೊಂದನ್ನು ಹೀಗೆ ಮಡಿಲಲ್ಲಿ ಮುಚ್ಚಿಟ್ಟುಕೊಂಡಿರುತ್ತದೆ. ಮಾರಿದವರಿಗೆ ಈ ಬಿರುಕು ಗೊತ್ತಿರಲಿಕ್ಕಿಲ್ಲ. ಅಷ್ಟು ಮಟ್ಟಿಗೆ ಅವರ ಮೇಲಿನ ಕೋಪ ಇಳಿಸಿಕೊಂಡೆ.

ಹನ್ನೊಂದನೆಯ ದಿನಕ್ಕೆ ಎಂಜಿನ್ ದೀಪ ಹತ್ತಿಕೊಂಡಿತು.

ಸ್ಟೀರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಚುಚ್ಚುವ ಸ್ಕ್ಯಾನರನ್ನು ಪರಿಚಯದ ಮೆಕ್ಯಾನಿಕ್ಕಿನಿಂದ ಎರವಲು ತಂದೆ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಅದನ್ನು ಕೊಳ್ಳುವ ದಿನವೇ ಜೇಬಿನಲ್ಲಿ ಇಟ್ಟುಕೊಂಡು ಹೋಗಬೇಕಿತ್ತು. ದೋಷದ ಕೋಡ್ ಪಿ0016 ಎಂದು ಬಂತು. ಮಗಳು ಅಲ್ಲಿಗೇ ನಿಲ್ಲಲಿಲ್ಲ. ಬಟನ್ ಒತ್ತುತ್ತ ಇನ್ನೊಂದು ಪುಟಕ್ಕೆ ಹೋದಳು. ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ದೂರ ಓಡಿದೆ ಎಂಬ ಲೆಕ್ಕವೂ ಗಾಡಿಯ ಕಂಪ್ಯೂಟರಿನಲ್ಲಿ ಇರುತ್ತದೆ. 431 ಕಿ.ಮೀ. ಎಂದಿತ್ತು. ಕೊಂಡ ದಿನ ಅವಳು ಟ್ರಿಪ್ ಮೀಟರನ್ನು ಸೊನ್ನೆ ಮಾಡಿದ್ದಳು, ಹೊಸ ಗಾಡಿ ಬಂದ ಸಂಭ್ರಮಕ್ಕೆ. ಅದು 409 ತೋರಿಸುತ್ತಿತ್ತು.

"ಇಪ್ಪತ್ತೆರಡು ಕಿಲೋಮೀಟರ್" ಎಂದಳು. "ನಾವು ಹೋಗುವ ಮುಂಚೆ ಇಪ್ಪತ್ತೆರಡು ಕಿಲೋಮೀಟರ್ ಓಡಿಸಿದ್ದಾರೆ. ಅಳಿಸಿದ್ದಾರೆ, ಆಮೇಲೆ ಓಡಿಸಿದ್ದಾರೆ."

ನನಗೆ ಅಂಗೈ ಕಾದಂತಾಯಿತು. ಆಗಲೂ ಬಾಯಿ ಬಿಡಲಿಲ್ಲ.

ಕೋಡ್ ಅಳಿಸಿದರೆ ಕಂಪ್ಯೂಟರ್ ತನ್ನ ಪರೀಕ್ಷೆಗಳನ್ನೆಲ್ಲ ಮೊದಲಿನಿಂದ ಶುರುಮಾಡುತ್ತದೆ. ಸ್ಕ್ಯಾನರಿನಲ್ಲಿ ತಪ್ಪು ಒಂದೂ ಇಲ್ಲ, ಆದರೆ ಪರೀಕ್ಷೆಗಳ ಮುಂದೆ ಸಾಲಾಗಿ 'ಮುಗಿದಿಲ್ಲ' ಎಂದು ಬರುತ್ತಿದೆ ಎಂದಾದರೆ ಅದು ಆರೋಗ್ಯವಲ್ಲ, ಒರೆಸಿದ ಹಲಗೆ. ಬ್ಯಾಟರಿ ಬಿಚ್ಚಿದರೂ ಹಾಗೆಯೇ ಆಗುತ್ತದೆ, ಆದ್ದರಿಂದ ಮಾರುವವರಿಗೆ ನೆಪವೂ ಸಿದ್ಧವಿರುತ್ತದೆ.

ಪಿ0016 ಎಂದರೆ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಮತ್ತು ವಾಲ್ವುಗಳನ್ನು ತೆರೆಯುವ ಕ್ಯಾಮ್ ತಾಳ ತಪ್ಪಿವೆ ಎಂದು. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದು ಸುತ್ತು. ಎರಡನ್ನೂ ಕಟ್ಟಿಹಾಕಿರುವುದು ಟೈಮಿಂಗ್ ಚೈನ್. ಕೋಡ್ ಏನು ಕಂಡಿತು ಎಂದು ಹೇಳುತ್ತದೆಯೇ ಹೊರತು ಯಾವ ಭಾಗ ಕೆಟ್ಟಿದೆ ಎಂದು ಹೇಳುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ನಾನು ಮೊದಲು ಒಂದು ಸೆನ್ಸರ್ ಕೊಂಡು ಹಾಕಿದೆ. ದೀಪ ಮರುದಿನವೇ ಮತ್ತೆ ಹತ್ತಿತು. ಆಮೇಲೆ ಗಾಡಿಯನ್ನು ಮೆಕ್ಯಾನಿಕ್ ಬಳಿ ಬಿಟ್ಟು, ರಾತ್ರಿ ಅಲ್ಲೇ ನಿಲ್ಲಿಸಿ, ಬೆಳಿಗ್ಗೆ ನಮ್ಮೆದುರೇ ಸ್ಟಾರ್ಟ್ ಮಾಡಿಸಿದೆವು. ಮೊಳೆ ಡಬ್ಬಿ ಮೂರು ಸೆಕೆಂಡು ಕುಲುಕಿತು. ಅವರು ಬಾನೆಟ್ ಕೂಡ ಎತ್ತಲಿಲ್ಲ.

"ಚೈನನ್ನು ಬಿಗಿ ಹಿಡಿಯುವ ಟೆನ್ಷನರ್. ಆಯಿಲ್ ಒತ್ತಡ ಬರುವವರೆಗೆ ಚೈನ್ ಸಡಿಲ ಬಿದ್ದು ಬಡಿಯುತ್ತಿದೆ. ಕೊಳ್ಳುವಾಗ ಇದು ಕೇಳಿಸಲಿಲ್ಲವೇ?"

ಮಗಳು ನನ್ನ ಕಡೆ ನೋಡಿದಳು. "ನಾವು ಹೋದಾಗ ಎಂಜಿನ್ ಬಿಸಿ ಇತ್ತು" ಎಂದೆ.

"ನಿನಗೆ ಆಗಲೇ ಗೊತ್ತಿತ್ತೇ ಅಪ್ಪಾ?"

"ಬಾನೆಟ್ ಮುಟ್ಟಿ ನೋಡಿದ್ದೆ."

ಅವಳು ಏನೂ ಹೇಳದೆ ಹೊರಗೆ ಹೋಗಿ ನಿಂತಳು. ಹೇಳಬೇಕಾದದ್ದನ್ನು ಮೆಕ್ಯಾನಿಕ್ಕೇ ಹೇಳಿದರು. ಚೈನಿಗೆ ಹೋಗಬೇಕಾದರೆ ಎಂಜಿನ್ನಿನ ಮುಂದಿನ ಮುಚ್ಚಳ ತೆಗೆಯಬೇಕು, ಮುಚ್ಚಳ ತೆಗೆಯಬೇಕಾದರೆ ವಾಟರ್ ಪಂಪು ಬಿಚ್ಚಬೇಕು. ಅಂದರೆ ಅಂಗಳದಲ್ಲಿ ಗತ್ತಿನಿಂದ ಕೂರಿಸಿದ ಪಂಪನ್ನು ಎರಡೇ ವಾರಕ್ಕೆ ನಾನೇ ಬಿಚ್ಚಬೇಕು. ಗ್ಯಾಸ್ಕೆಟ್ ಹರಿಯಿತು, ಕೂಲಂಟ್ ಮತ್ತೆ ಚೆಲ್ಲಿತು. ಮೊದಲ ಬೆಳಿಗ್ಗೆಯೇ ಆ ಸದ್ದನ್ನು ಸದ್ದು ಎಂದು ಕರೆದಿದ್ದರೆ ಎರಡೂ ಕೆಲಸ ಒಂದೇ ಸಲಕ್ಕೆ ಮುಗಿಯುತ್ತಿತ್ತು. ಗಾಡಿಯ ಖರ್ಚು ಬರೆಯುವ ಅವಳ ಪುಸ್ತಕದಲ್ಲಿ ಬ್ರೇಕು, ಪಂಪು, ರೇಡಿಯೇಟರು ಎಂದು ಒಂದೊಂದಕ್ಕೂ ಒಂದೊಂದು ಪುಟವಿದೆ. ಎರಡನೆಯ ಗ್ಯಾಸ್ಕೆಟ್, ಎರಡನೆಯ ಕೂಲಂಟ್, ಬೇಡದ ಸೆನ್ಸರ್ ಇವು ಮೂರೂ ಇರುವ ಪುಟದ ತಲೆಬರಹ 'ಅಪ್ಪನ ಮೌನ'. ಆ ಪುಟದ ಲೆಕ್ಕವನ್ನು ನಾನೇ ತೀರಿಸಿದೆ.

ಮುಚ್ಚಳ ತೆಗೆದ ದಿನವನ್ನು ಮಾತ್ರ ಮರೆಯಲಾರೆ. ಹಳೆಯ ಚೈನನ್ನು ಹೊಸದರ ಪಕ್ಕ ನೇತುಹಾಕಿದರೆ ಅರ್ಧ ಕೊಂಡಿಯಷ್ಟು ಉದ್ದವಾಗಿತ್ತು. ಕಬ್ಬಿಣ ಹಿಗ್ಗಿದ್ದಲ್ಲ, ಒಂದೊಂದು ಕೊಂಡಿಯ ಪಿನ್ನೂ ಕೂದಲೆಳೆಯಷ್ಟು ಸವೆದು ಸವೆದು ಸೇರಿದ ಉದ್ದ. ಚೈನ್ ಉಜ್ಜಿಕೊಂಡು ಜಾರುವ ಪ್ಲಾಸ್ಟಿಕ್ ಗೈಡ್ ಒಡೆದಿತ್ತು. ಚೂರುಗಳು ಕೆಳಗೆ ಬಿದ್ದಿದ್ದವು, ಕಂದು ಬಣ್ಣ, ಬೆರಳುಗುರಿನ ಗಾತ್ರ. ಮಗಳು ಅವನ್ನು ಚಿಮಟದಲ್ಲಿ ಒಂದೊಂದಾಗಿ ಎತ್ತಿ, ಒರೆಸಿ, ಹಳೆಯ ಪತ್ರಿಕೆಯ ಮೇಲೆ ಹರಡಿದಳು. ಆಮೇಲೆ ಒಡೆದ ಕುರ್ಚಿಯ ಕಾಲು ಜೋಡಿಸುವವಳ ಹಾಗೆ, ಅಂಚಿಗೆ ಅಂಚು ಹೊಂದಿಸುತ್ತ ಗೈಡನ್ನು ಪೂರ್ತಿ ಕಟ್ಟಲು ಕುಳಿತಳು. ಮೆಕ್ಯಾನಿಕ್ ನಕ್ಕು, "ಹೊಸದು ಬಂದಿದೆಯಲ್ಲಮ್ಮಾ, ಅದನ್ನೇಕೆ ಜೋಡಿಸುತ್ತೀಯ?" ಎಂದರು.

ಅರ್ಧ ಗಂಟೆಯ ಮೇಲೆ ಅವಳು ತಲೆಯೆತ್ತಿದಳು. "ಒಂದು ಚೂರು ಕಡಿಮೆ ಇದೆ. ಇಲ್ಲಿ, ಮೂಲೆಯಲ್ಲಿ."

ಅವರ ನಗು ನಿಂತಿತು. ಸಂಪ್ ಬಿಚ್ಚುವ ಯೋಚನೆ ಅವರಿಗೆ ಇರಲಿಲ್ಲ, ಆಯಿಲ್ ಬದಲಿಸಿದರೆ ಸಾಕು ಎಂದಿದ್ದರು. ಬಿಚ್ಚಿದರು. ಆ ಚೂರು ಆಯಿಲ್ ಹೀರುವ ಕೊಳವೆಯ ಬಾಯಿಯ ಜಾಲರಿಗೆ ಅಂಟಿ ಕುಳಿತಿತ್ತು. ಅದರ ಸುತ್ತ ಕಪ್ಪು ಜಿಡ್ಡು ಸೇರಿ ಜಾಲರಿಯ ಕಾಲುಭಾಗ ಮುಚ್ಚಿಹೋಗಿತ್ತು. ಪೂರ್ತಿ ಮುಚ್ಚಿದ್ದರೆ ಎಂಜಿನ್ನಿಗೆ ಆಯಿಲ್ಲೇ ಇಲ್ಲ. ಅಂಥ ಎಂಜಿನ್ ನಿಲ್ಲುವುದು ಮನೆಯ ಮುಂದಲ್ಲ, ನಡುರಸ್ತೆಯಲ್ಲಿ. ಮಗಳು ಚೂರನ್ನು ತಂದು ಪತ್ರಿಕೆಯ ಮೇಲಿನ ಖಾಲಿ ಮೂಲೆಗೆ ಇಟ್ಟಳು. ಸರಿಯಾಗಿ ಕೂತಿತು. ಆಗ ನನ್ನ ಕಡೆ ನೋಡಿದಳು, ಎರಡು ದಿನದಲ್ಲಿ ಮೊದಲ ಸಲ.

ಹೊಸ ಚೈನ್ ಕೂರಿಸಿ, ಗುರುತಿಗೆ ಗುರುತು ಹೊಂದಿಸಿದ ಮೇಲೆ ಮೆಕ್ಯಾನಿಕ್ ಕೂಡಲೇ ಕೀಲಿ ತಿರುಗಿಸಲಿಲ್ಲ. ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಅಲ್ಲಲ್ಲಿಗೇ ಬಂದವೇ ಎಂದು ನೋಡಿದರು. ಲೆಕ್ಕ ತಪ್ಪಿದ್ದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುವುದು ಕೈಯ ಬಲಕ್ಕೆ ತಿಳಿಯುತ್ತದೆ, ಸ್ಟಾರ್ಟರಿನ ಬಲಕ್ಕಾದರೆ ವಾಲ್ವು ಬಾಗಿದ ಮೇಲೆಯೇ ತಿಳಿಯುವುದು. ಎರಡನೆಯ ಸುತ್ತನ್ನು ಮಗಳ ಕೈಯಲ್ಲಿ ಮಾಡಿಸಿದರು.

ಈಗ ಎರಡು ತಿಂಗಳಾಯಿತು. ದೀಪ ಹತ್ತಿಲ್ಲ, ಕೂಲಂಟ್ ಗೆರೆಯಿಂದ ಇಳಿದಿಲ್ಲ. ಮಗಳಿಗೊಂದು ಅಭ್ಯಾಸವಾಗಿದೆ. ಬೆಳಿಗ್ಗೆ ಬಾಗಿಲು ಹಾಕಿಕೊಂಡು, ಕಿಟಕಿಯ ಗಾಜು ಪೂರ್ತಿ ಇಳಿಸಿ, ರೇಡಿಯೊ ಆರಿಸಿಯೇ ಕೀಲಿ ತಿರುಗಿಸುತ್ತಾಳೆ. ತುಟಿಯಲ್ಲೇ ಒಂದು, ಎರಡು, ಮೂರು ಎಂದು ಎಣಿಸುತ್ತಾಳೆ. ಮನೆಯೊಳಗೆ ಕಿಟಕಿಯ ಹಿಂದೆ ನಾನೂ ಎಣಿಸುತ್ತಿರುತ್ತೇನೆ, ಅವಳಿಗೆ ಕಾಣದ ಹಾಗೆ.

ಇವತ್ತು ಬೆಳಿಗ್ಗೆ ಮೂರರವರೆಗೂ ಸದ್ದಿರಲಿಲ್ಲ. ಎಂಜಿನ್ ರೇಷ್ಮೆಯ ಹಾಗೆ ಎದ್ದಿತು. ರಿವರ್ಸ್ ಗೇರ್ ಹಾಕಿದಳು. ಗಾಡಿಯ ಹೊಟ್ಟೆಯ ಕೆಳಗೆಲ್ಲೋ, ಹಿಂದಿನ ಆಕ್ಸಲ್ ಕಡೆಯಿಂದ, ಒಂದೇ ಒಂದು ಸಲ 'ಟಣ್' ಎಂದಿತು. ಅವಳು ಬ್ರೇಕ್ ಒತ್ತಿದಳು. ಮುಂದಿನ ಗೇರ್, ಮತ್ತೆ ರಿವರ್ಸ್. ಟಣ್.

ನಾನು ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೊರಗೆ ಬಂದೆ.

"ಕೇಳಿಸಿತೇ?" ಎಂದಳು.

"ಕೇಳಿಸಿತು" ಎಂದೆ. "ಹಿಂದಿನ ಆಕ್ಸಲನ್ನು ತಿರುಗಿಸುವ ಪ್ರೊಪೆಲ್ಲರ್ ಶಾಫ್ಟಿನ ಕೀಲು, ಆ ಕ್ರಾಸ್ ಇರಬೇಕು. ಎಂಜಿನ್ ಆರಿಸು, ಹ್ಯಾಂಡ್‌ಬ್ರೇಕ್ ಎಳೆ. ಚಕ್ರಕ್ಕೆ ಕಲ್ಲು ಕೊಟ್ಟು ನಾನು ಕೆಳಗೆ ಹೋಗಿ ನೋಡುತ್ತೇನೆ."